ಗಂಗಾಂಬಿಕಾ ಮುಗಿಸಿದ ಕೌದಿ

ಕೊಟ್ಟೂರಿನ ಆ ಓಣಿಯಲ್ಲಿ ಕೌದಿ ಹೊಲಿಯುವುದರಲ್ಲಿ ಗಂಗಾಂಬಿಕಾಳನ್ನು ಮೀರಿಸುವವರಿಲ್ಲ ಎಂದು ಹೆಸರಿತ್ತು. ಅವಳು ಪೂರ್ತಿ ಹೊಲಿದ ಕೌದಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಆದ್ದರಿಂದ ಆ ಹೆಸರಿಗೆ ಧಕ್ಕೆ ಬರುವ ಸಂಭವವೂ ಇರಲಿಲ್ಲ.

ಟ್ರಂಕಿನಲ್ಲಿ ಎರಡು ಕೌದಿಗಳಿದ್ದವು. ಮೊದಲನೆಯದನ್ನು ಮಗಳು ಸಮತಾಳ ಮದುವೆಗೆಂದು ಶುರು ಮಾಡಿದ್ದಳು. ಮದುವೆ ಆಗಿಹೋಯಿತು. ಬಾಣಂತನಕ್ಕಾದರೂ ಆದೀತು ಎಂದು ಅದನ್ನೇ ಕೂಸಿನ ಅಳತೆಗೆ ಕತ್ತರಿಸಿಕೊಂಡಳು. ಆ ಕೂಸು ಈಗ ಟೈ ಕಟ್ಟಿಕೊಂಡು ಶಾಲೆಯ ವ್ಯಾನು ಹತ್ತುತ್ತಿತ್ತು. ಎರಡನೆಯದು, ಮೊದಲನೆಯದರಿಂದ ಬೇಸರವಾದಾಗ ಕೈಗೆತ್ತಿಕೊಳ್ಳಲು ಇರಲಿ ಎಂದು ಹಾಕಿಕೊಂಡದ್ದು. ಅವಳಿಗೆ ಸೋಮಾರಿತನವಿರಲಿಲ್ಲ. ಒಂದು ಸಾಲು ಹೊಲಿದು, ದೂರ ಹಿಡಿದು ನೋಡಿ, ಎಲ್ಲೋ ಒಂದು ಹೊಲಿಗೆ ವಾಲಿದೆ ಅನ್ನಿಸಿದರೆ ಸಾಲನ್ನೇ ಬಿಚ್ಚುತ್ತಿದ್ದಳು. ಹಾಗಾಗಿ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚಾಗಿತ್ತು.

ಗಂಡ ಗುರುಸಂಗಪ್ಪ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಕೊಟ್ಟೂರು ಬಿಟ್ಟ ಬಸ್ಸು ಹಡಗಲಿ ಮುಟ್ಟಲೇಬೇಕು ಎಂಬ ಧರ್ಮದಲ್ಲಿ ಬದುಕಿದವನಿಗೆ ನಡುದಾರಿಯಲ್ಲಿ ನಿಂತ ಈ ಕೌದಿಗಳನ್ನು ಕಂಡರೆ ಕಸಿವಿಸಿ. ಅವನ ಪ್ರೀತಿಯೆಲ್ಲ ಗಿಡಗಳ ಮೇಲೆ. ಅಂಗಳದಲ್ಲಿ ಗುಲಾಬಿ, ಸೇವಂತಿಗೆ, ಹಡಗಲಿಯಿಂದ ತಂದ ಮಲ್ಲಿಗೆ. ಒಳಗೆ ಟಿವಿಯ ಪಕ್ಕ ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು. ಬೆಳಗ್ಗೆ ಎದ್ದರೆ ನೀರು, ಸಂಜೆಯಾದರೆ ನೀರು. ಎಲೆ ಹಳದಿಯಾದರೆ ಪಾಪ, ಬಾಯಾರಿದೆ ಎಂದು ಇನ್ನೊಂದು ಚೊಂಬು. ಅಷ್ಟು ಪ್ರೀತಿಯನ್ನು ತಡೆದುಕೊಳ್ಳಲಾರದೆ ಗಿಡಗಳು ಒಂದೊಂದಾಗಿ ಸೊರಗುತ್ತಿದ್ದವು.

ಈ ವರ್ಷ ದಸರೆ ಮುಗಿದು ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯೊಳಗೆ ಗಿಡಗಳ ಕೆಲಸವನ್ನೆಲ್ಲ ಮುಗಿಸಿಬಿಡುತ್ತೇನೆ ಎಂದು ಅವನು ಟೊಂಕ ಕಟ್ಟಿದ. ಮೊದಲ ದಿನವೇ ಕರಿಬೇವಿನ ಕುಂಡವನ್ನು ಬಿಸಿಲಿಗೆ ಸರಿಸಲು ಹೋಗಿ ಕಾಲ ಮೇಲೆ ಕೆಡವಿಕೊಂಡ. ಹರಪನಹಳ್ಳಿಯ ಡಾಕ್ಟರು ಪಟ್ಟಿ ಹಾಕಿ, ಹಬ್ಬ ಮುಗಿಯುವತನಕ ಕಾಲು ನೆಲಕ್ಕೆ ಊರುವಂತಿಲ್ಲ ಎಂದರು.

ಪಡಸಾಲೆಯ ಮಂಚವೇ ಅವನ ಆಫೀಸಾಯಿತು. ಪಕ್ಕದಲ್ಲಿ ಯಾರಾದರೂ ಕೂತಿರಬೇಕಲ್ಲ ಎಂದು ಗಂಗಾಂಬಿಕಾ ಟ್ರಂಕಿನಿಂದ ಮೊದಲ ಕೌದಿಯನ್ನು ತೆಗೆದು ಕೂತಳು. ಆದರೆ ಅವನು ಕೂಡಲು ಬಿಟ್ಟರೆ ತಾನೆ?

"ಗುಲಾಬಿ ಕತ್ತರಿಸಬೇಕಿತ್ತು. ಸೇವಂತಿಗಿಗೆ ಕಡ್ಡಿ ಕಟ್ಟಬೇಕಿತ್ತು. ನಾನಽ ಇದ್ದಿದ್ರ..."

"ನೀವಽ ಇದ್ದದ್ದಕ್ಕ ಕಾಲು ಮುರಕೊಂಡೀರಿ. ಸುಮ್ನ ಮಲಗ್ರಿ, ನಾನು ಮಾಡ್ತೀನಿ," ಎಂದು ಕೌದಿಯನ್ನು ಮಂಚದ ಮೇಲೆ ಬಿಟ್ಟು ಕತ್ತರಿ ಹಿಡಿದು ಎದ್ದಳು.

ಗಿಡಗಳ ಮೇಲೆ ಅವಳಿಗೆ ಪ್ರೀತಿಯೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಗುಲಾಬಿಯನ್ನು ಮೊಣಕಾಲುದ್ದಕ್ಕೆ ಕತ್ತರಿಸಿದಳು. ಸೇವಂತಿಗೆಗೆ ಜೋಳದ ದಂಟು ನೆಟ್ಟು ದಾರ ಬಿಗಿದಳು. ಸ್ನೇಕ್ ಪ್ಲಾಂಟನ್ನು ಕಿತ್ತು, ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ಹಾಕಿದಳು. ಧೂಳು ಹಿಡಿದ ಮನಿ ಪ್ಲಾಂಟಿನ ಎಲೆಗಳನ್ನು ಒದ್ದೆ ಅರಿವೆಯಿಂದ ಒರೆಸಿ ಕಿಟಕಿಗೆ ಸರಿಸಿದಳು. ಒಳಗಿಂದ "ನೀರು ಹಾಕಿದ್ಯಾ?" ಎಂಬ ಕೂಗಿಗೆ "ಹಾಕೀನ್ರಿ" ಎಂದು ಹೇಳಿ, ಹಾಕುವುದನ್ನು ಮರೆತಳು.

ಕೈ ತೊಳೆದು ಒಳಗೆ ಬಂದರೆ ಗುರುಸಂಗಪ್ಪನ ಕೈಯಲ್ಲಿ ಸೂಜಿ. ಕೌದಿಯ ಮೇಲೆ ಹೊಸದಾಗಿ ನಾಲ್ಕು ಸಾಲು.

"ಏನ್ರಿ ಇದು?"

"ಸುಮ್ನ ಎಷ್ಟೊತ್ತು ಕುಂದರ್ಲಿ? ಹೊಲಿದೆ."

ಹೊಲಿಗೆಗಳು ಕುಡಿದವನು ಮನೆಗೆ ಹೋದಂತೆ ಹೋಗಿದ್ದವು. ಅವಳು ಬಿಚ್ಚಲು ಕತ್ತರಿ ಎತ್ತಿದಳು. ಅವನು ಕೌದಿಯನ್ನು ಎದೆಗೆ ಅವಚಿಕೊಂಡ.

"ಮುಟ್ಟಬ್ಯಾಡ. ಕೌದಿ ಇರೋದು ಹೊದ್ಕೊಳ್ಳಾಕ, ಪರೀಕ್ಷಿ ಬರಿಯಾಕ ಅಲ್ಲ. ಆ ಬಾಗಲಾ ಒಂದೀಟು ಮುಂದಕ್ಕ ಹಾಕು. ಯಾರರೆ ನೋಡಿದ್ರ ನನ್ನ ಮರ್ಯಾದಿ ಏನಾಗಬೇಕು?"

ಅಂದಿನಿಂದ ಇದೇ ನಡೆಯಿತು. ಅವಳು ಅಂಗಳದಲ್ಲಿ, ಅವನು ಮುಚ್ಚಿದ ಬಾಗಿಲ ಹಿಂದೆ. ಒಮ್ಮೆ ಹಳೆಯ ಜೊತೆಗಾರ, ಡ್ರೈವರ್ ಹುಲುಗೇಶ ಮಾತಾಡಿಸಲು ಬಂದಾಗ ಅವನು ಕೌದಿಯನ್ನು ಸೂಜಿಸಮೇತ ಚಾದರದೊಳಗೆ ತುರುಕಿ ಅದರ ಮೇಲೆಯೇ ಕೂತ. ಮಾತಿನ ನಡುವೆ ಎರಡು ಸಲ ಮುಖ ಕಿವಿಚಿದ. ಹೊರಡುವಾಗ ಹುಲುಗೇಶ ಮರುಗಿದ: "ಕಾಲು ಭಾಳ ನೋಯಾಕ ಹತ್ತೈತಿ ಅನಸ್ತೈತಿ ಅಕ್ಕಾರ. ಗುಳಿಗಿ ಬದಲಿಸ್ರಿ."

ದೀಪಾವಳಿಗೆ ಎರಡು ದಿನವಿರುವಾಗ ಸಮತಾ ಮಗಳನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಯಿಂದ ಬಂದಳು. ಅಂಗಳದಲ್ಲೇ ನಿಂತುಬಿಟ್ಟಳು. ಗುಲಾಬಿ ಕೆಂಪು ಚಿಗುರೊಡೆದಿತ್ತು, ಸೇವಂತಿಗೆ ಮೊಗ್ಗು ತುಂಬಿ ನಿಂತಿತ್ತು.

"ಅಪ್ಪಾಜಿ ಕೈಗುಣ ಅಂದ್ರ ಇದು. ಮಂಚದ ಮ್ಯಾಲೆ ಕುಂತು ಹಿಂಗ ಬೆಳೆಸ್ಯಾರ. ಅವ್ವಾ, ನಿನಗ ಮೊದಲಿಂದ ಗಿಡ ಅಂದ್ರ ಆಗಂಗಿಲ್ಲ."

ಗುರುಸಂಗಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಊಟವಾದ ಮೇಲೆ ಗಂಗಾಂಬಿಕಾ ಪೂರ್ತಿಯಾದ ಕೌದಿಯನ್ನು ತಂದು ಮಗಳ ಮಡಿಲಿಗೆ ಹಾಕಿದಳು. ಯಾರು ಹೊಲಿದದ್ದು ಎಂದು ಮಗಳೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಮತಾ ಅದನ್ನು ಕೆನ್ನೆಗೆ ಒತ್ತಿಕೊಂಡಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಒಂದೊಂದು ಹೊಲಿಗಿಯಾಗೂ ಅವ್ವನ ಕೈ ಕಾಣ್ತೈತಿ. ನೋಡ್ರಿ ಅಪ್ಪಾಜಿ, ತಾಳ್ಮಿ ಅಂದ್ರ ಇದು. ನಿಮ್ಮ ಕಡಿಂದ ಇದು ಆಗೂ ಮಾತಲ್ಲ."

"ಖರೆ ಐತಿ," ಎಂದ ಗುರುಸಂಗಪ್ಪ.

ಮೊಮ್ಮಗಳು ಹೊದ್ದು ಮಲಗಿದಳು. ಎರಡೂ ಕಾಲು ಹೊರಗೆ ಬಂದವು. ಅದಕ್ಕೂ ಯಾರೂ ತಕರಾರು ತೆಗೆಯಲಿಲ್ಲ.

ಸುಳ್ಳು ಮೆಚ್ಚುಗೆ ಸಿಕ್ಕಿತಲ್ಲ ಎಂಬ ಬೇಸರ ಗಂಗಾಂಬಿಕಾಳಿಗೆ ಅಷ್ಟಾಗಿ ಆಗಲಿಲ್ಲ. ಅವಳನ್ನು ಕೊರೆದದ್ದೇ ಬೇರೆ. ಆ ಸೊಟ್ಟ ಸಾಲುಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಅವಳು ಬಿಚ್ಚುತ್ತ ಕೂತದ್ದು ಯಾರ ಸಲುವಾಗಿ?

ಹಬ್ಬ ಮುಗಿದು ಮಗಳು ಹೋದ ಮೇಲೆ ಎದುರು ಮನೆಯ ಉಚ್ಚಂಗೆಮ್ಮ ಬಂದಳು. "ಗಂಗಕ್ಕಾ, ಸಮತಾ ಹೋಗೋವಾಗ ಕೌದಿ ತೋರಿಸಿದ್ಲು. ನಮ್ಮ ಸಂಘದ ಹೆಣ್ಮಕ್ಕಳಿಗೆ ನೀವು ಕಲಿಸಬೇಕು ನೋಡ್ರಿ. ಸೋಮವಾರ ಮಧ್ಯಾಹ್ನ ಬರ್ರಿ, ಇಲ್ಲ ಅನಬ್ಯಾಡ್ರಿ."

ಗಂಗಾಂಬಿಕಾ ಯೋಚನೆ ಮಾಡುವ ಮೊದಲೇ ಹೂಂ ಎಂದಿದ್ದಳು. ಉಚ್ಚಂಗೆಮ್ಮ ಅತ್ತ ಹೋದ ಮೇಲೆ ಬಾಗಿಲು ಹಾಕಿಕೊಂಡು ಬಂದು, ಎರಡನೆಯ ಕೌದಿಯನ್ನು ಅರ್ಧ ಮುಟ್ಟಿಸಿದ್ದ ಗಂಡನ ಪಕ್ಕ ಕೂತಳು.

"ಏನ್ರಿ, ಮೂಲಿ ಬಂದಾಗ ಹೆಂಗ ತಿರುಗಿಸ್ತೀರಿ? ನಾನು ಯಾವತ್ತೂ ಮೂಲಿತನಕ ಹೋಗೇ ಇಲ್ಲ."

ಗುರುಸಂಗಪ್ಪ ನಗಲಿಲ್ಲ, ಅದು ಅವನ ದೊಡ್ಡತನ. ಸೂಜಿಯನ್ನು ಅವಳ ಕೈಗೆ ಕೊಟ್ಟು, "ಇಲ್ಲಿ ಒಂದು ಗಂಟು ಹಾಕು. ಸೊಟ್ಟ ಬಿದ್ರ ಬೀಳ್ಲಿ, ಹಿಂದಕ್ಕ ನೋಡಬ್ಯಾಡ, ಮುಂದ ನಡಿ," ಎಂದ.

ಸೋಮವಾರ ಸಂಘದ ಹೆಂಗಸರ ಮುಂದೆ ಗಂಗಾಂಬಿಕಾ ಅದೇ ಮಾತನ್ನು ಚಾಚೂ ತಪ್ಪದೆ ಹೇಳಿದಳು. ಎಷ್ಟು ಕೌದಿ ಹೊಲಿದಿದ್ದರೆ ಇಂಥ ಮಾತು ಬಾಯಿಗೆ ಬಂದೀತು ಎಂದು ಉಚ್ಚಂಗೆಮ್ಮ ಪಕ್ಕದವಳ ಕಿವಿಯಲ್ಲಿ ಅಂದಳು.