ಅಜ್ಜನ ಮೊಣಕಾಲು

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳು ಸೇರುತ್ತಿದ್ದರು. ನಾನು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದೆ. ಉತ್ತರ ಹೇಳುತ್ತಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಪ್ರಶ್ನೆಯೂ ಉತ್ತರವೂ ಒಂದೇ ಪುಟದಲ್ಲಿ ಅಚ್ಚಾಗಿರುತ್ತಿದ್ದವು. ನನ್ನ ಮಗಳಿಗೆ ಹಾಗಾಗಬಾರದು ಎಂಬುದಷ್ಟೇ ಆಸೆ. ತತ್ವಶಾಸ್ತ್ರ ಎಂಬ ದೊಡ್ಡ ಹೆಸರನ್ನು ನಾನದಕ್ಕೆ ಇಟ್ಟಿರಲಿಲ್ಲ.

ಮಾವನವರು ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದರು. ಮೊಣಕಾಲು ನೋವಿನಿಂದ ನೆಲಕ್ಕೆ ಕೂಡುವುದನ್ನು ಬಿಟ್ಟು ವರ್ಷಗಳಾಗಿದ್ದವು, ಲಿಂಗಪೂಜೆಯೂ ಕುರ್ಚಿಯಲ್ಲೇ. ಒಂದು ಶನಿವಾರ ತಾವೇ ಪ್ರಶ್ನೆ ಹಾಕಿದರು.

"ನನ್ನ ಮೊಣಕಾಲು ನೋಯ್ತಾವ ಅಂತೀರಲ್ಲ, ನೋವು ನಿಮಗ ಕಾಣಸ್ತದೇನು? ಹೆಂಗ ಗೊತ್ತು?"

"ಏಳೋವಾಗ ನೀ ಹಲ್ಲು ಕಡೀತಿ," ಎಂದಳು ಮಗಳು.

"ನಾಟಕ ಮಾಡಾಕತ್ತಿದ್ರ?"

ಅವಳು ಬಾಗಿಲ ಕಡೆ ಬೆರಳು ಮಾಡಿದಳು. "ಯಾರೂ ಇಲ್ದಾಗೂ ಕಡೀತಿ. ನಾ ಬಾಗಲಾ ಸಂದಿಲಿಂದ ನೋಡೀನಿ."

"ಕಳ್ಳಿ," ಎಂದು ಮಾವ ನಕ್ಕರು.

ಈ ಸಲದ ಚಳಿಗಾಲದಲ್ಲಿ, ದೇವಾಪುರದ ಊರಮನೆಯಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ತೀರಿದವರನ್ನು ಮಲಗಿಸಿ ಇಡುವುದಿಲ್ಲ; ಪದ್ಮಾಸನ ಹಾಕಿಸಿ ಗೋಡೆಗೆ ಆನಿಸಿ ಕೂಡಿಸುತ್ತಾರೆ, ಹಾಗೆಯೇ ಗುಣಿಗೂ ಇಳಿಸುತ್ತಾರೆ. ಮೈ ಸೆಟೆಯುವ ಮೊದಲೇ ಗಂಡಸರು ಅವರ ಕಾಲು ಮಡಚಿದರು. ಮಗಳು ಕಂಬ ಹಿಡಿದು ನಿಂತಿದ್ದಳು.

"ಹಂಗ ಮಡಚಬ್ಯಾಡ್ರಿ. ಅಜ್ಜಗ ನೋಯ್ತದ."

"ಸತ್ತವ್ರಿಗೆ ಎಲ್ಲಿ ನೋವವ್ವಾ," ಎಂದರು ಯಾರೋ.

"ನಿಮಗ ಹೆಂಗ ಗೊತ್ತು?"

ಭಜನೆಗೆ ತಾಳ ಹಿಡಿದವರೂ ತಿರುಗಿ ನೋಡಿದರು. ನನ್ನ ಗಂಡನ ಅಕ್ಕ ಎದ್ದು ಬಂದರು. "ಎಲ್ಲಾದ್ರಾಗೂ ಸವಾಲ್. ಚಲೋ ಕಲ್ಸ್ಯಾಳ ನಿಮ್ಮವ್ವ, ಕಾನ್ವೆಂಟಿನಾಕಿ," ಎಂದವರು ಅವಳನ್ನು ಹತ್ತಿರ ಎಳೆದುಕೊಂಡು ಸಣ್ಣ ದನಿಯಲ್ಲಿ ಹೇಳಿದರು: "ನೀ ಹಿಂಗ ಕೇಳಿದಷ್ಟೂ ಅಜ್ಜನ ಜೀವಕ್ಕ ತ್ರಾಸು. ಹೋಗೋ ಜೀವ ನಿಂತುಬಿಡ್ತದ."

ಹಾಗೆ ಹೇಳಿದವರೇ ಹೋಗಿ, ಅಪ್ಪನ ಮಡಚಿದ ಮೊಣಕಾಲಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಿಕ್ಕುತ್ತ ಕುಳಿತರು. ಅವರ ಮೇಲೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ.

ಮಗಳು ಆಮೇಲೆ ಅಳಲೂ ಇಲ್ಲ, ಕೇಳಲೂ ಇಲ್ಲ. ಮಣ್ಣು ಕೊಡುವಾಗ ಕೆಳತುಟಿಯನ್ನು ಒಳಗೆಳೆದು ಒತ್ತಿ ಹಿಡಿದಿದ್ದಳು. "ಎಷ್ಟು ಶಾಣ್ಯಾಕಿ ಆದ್ಳು ನೋಡ್ರಿ," ಎಂದು ಬಂದವರು ತಲೆ ಸವರಿದರು.

ಅಜ್ಜನಿಗೆ ನಿನ್ನಿಂದ ಏನೂ ಆಗಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಹೂಂ ಎನ್ನುತ್ತಾಳೆ. ಹೆಂಗ ಗೊತ್ತು ಎಂದು ಕೇಳಲಿ ಎಂದು ಕಾಯುತ್ತೇನೆ. ಕೇಳುವುದಿಲ್ಲ.

ಕಳೆದ ಶನಿವಾರ ಮಕ್ಕಳು ಮತ್ತೆ ಬಂದರು. ಬೋನಾಳದ ಕೆರೆಗೆ ಪ್ರತಿ ವರ್ಷ ಬಂದು ಹೋಗುವ ಹಕ್ಕಿಗಳ ಊರು ಯಾವುದು ಎಂದು ಕೇಳಿದೆ. "ತತ್ತಿ ಇಟ್ಟದ್ದೇ ಊರು," ಎಂದ ಒಬ್ಬ. "ಹೊಟ್ಟಿ ತುಂಬಿದ್ದೇ ಊರಲೇ," ಎಂದ ಇನ್ನೊಬ್ಬ. ಜಗಳ ಹತ್ತಿತು. ಮಗಳು ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಿನಗೇನು ಅನಿಸುತ್ತದೆ ಎಂದೆ.

ಅವಳು ತಲೆ ಎತ್ತಲಿಲ್ಲ. "ನೀನೇ ಹೇಳಿಬಿಡು ಮಮ್ಮಿ. ನೀ ಹೇಳಿದ್ದೇ ಖರೆ."

ಉಳಿದ ಮಕ್ಕಳೂ ಜಗಳ ಬಿಟ್ಟು, ಉತ್ತರಕ್ಕಾಗಿ ನನ್ನ ಮುಖ ನೋಡಿದರು.