ನೀರು ತುಂಬಿಸಿದ್ದಕ್ಕೆ ಸಾಕ್ಷಿ

ನಮ್ಮ ಮನೆಯವರಿಗೆಲ್ಲ ಮೂಗಿನ ತುದಿಯಲ್ಲೇ ಕೋಪ. ಅಪ್ಪನದು ಬಂದಷ್ಟೇ ಬೇಗ ಇಳಿಯುತ್ತಿತ್ತು. ನನ್ನದು ಹಾಗಲ್ಲ, ಒಮ್ಮೆ ಏರಿತೆಂದರೆ ಅದಕ್ಕೊಂದು ಕಾರಣ ಹುಡುಕಿ, ಯಾರ ಮೇಲಾದರೂ ಕೂಗಾಡಿದ ಮೇಲೆಯೇ ತಣ್ಣಗಾಗುವುದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದವನು, ಹಾಗಾಗಿ ಕೋಪಕ್ಕೆ ತರ್ಕದ ಬೆಂಬಲ ಬೇರೆ. ಐವತ್ತರ ದಶಕದ ಒಂದು ದಸರಾ ಕಳೆದ ಮೇಲೆ ನಮ್ಮ ಕಾರು ಕುದಿಯತೊಡಗಿತು. ಆಗ ಆ ತರ್ಕ ನನ್ನಿಂದ ಮಾಡಿಸಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾರು ಅಪ್ಪನದು. ಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಗಾಡಿ, ಕಡುಹಸಿರು ಬಣ್ಣ. ಅದು ಮನೆಗೆ ಬಂದ ವರ್ಷವೇ ಡ್ರೈವರಣ್ಣನೂ ಬಂದ. ಊರು ಇಲವಾಲ, ವಾಸ ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ, ಕಾರ್ ಶೆಡ್ಡಿನ ಪಕ್ಕದ ಕೋಣೆ. ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನನ್ನನ್ನು ನೋಡಿದವನು. ದಿನಾ ಬೆಳಿಗ್ಗೆ ತಗಡಿನ ಕ್ಯಾನಿನಲ್ಲಿ ನೀರು ತಂದು ರೇಡಿಯೇಟರಿಗೆ ತುಂಬಿಸಿ, ಮುಚ್ಚಳ ತಿರುಗಿಸಿ, ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಅವನು ಕಾಫಿ ಕುಡಿಯುತ್ತಿದ್ದ.

ಅಪ್ಪ ತೀರಿಕೊಂಡು, ವರ್ಷದ ಕರ್ಮಗಳೆಲ್ಲ ಮುಗಿದ ಮೇಲೆ ಬಂದ ಮೊದಲ ಆಯುಧಪೂಜೆ ಅದು. ಯಜಮಾನಿಕೆಯ ಠೀವಿಯಲ್ಲಿ, ಮಡಿ ಉಟ್ಟು ಕಾರಿನ ಪೂಜೆ ನಾನೇ ಮಾಡಿದೆ. ಬಾಳೆಕಂದು, ಚೆಂಡುಹೂವಿನ ಹಾರ, ಕಳಶ, ಬೂದುಗುಂಬಳ, ಯಾವುದಕ್ಕೂ ಕೊರತೆಯಿರಲಿಲ್ಲ. ವಾರ ಕಳೆದು ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟಕ್ಕೆ ಹೊರಟೆವು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ, ಇಂಜಿನ್ನಿನ ನೀರಿನ ಕಾವು ತೋರಿಸುವ ಮುಳ್ಳು ಏರಿ ಏರಿ ಕೊನೆಯ ಗೆರೆಗೆ ಅಂಟಿಕೊಂಡಿತು. ಹಬೆ ಇಲ್ಲ, ಸದ್ದಿಲ್ಲ. ಆದರೂ ಡ್ರೈವರಣ್ಣ ಕಾರನ್ನು ಬದಿಗೆ ನಿಲ್ಲಿಸಿಬಿಟ್ಟ.

“ಯಾಕೆ ನಿಲ್ಲಿಸ್ದೆ? ಆ ಮುಳ್ಳು ಹಳೇದು, ಕೆಟ್ಟಿರುತ್ತೆ” ಎಂದೆ.

“ಕೆಟ್ಟಿದ್ರೆ ಕೆಟ್ಟಿರ್ಲಿ ಬುದ್ದಿ. ಕೆಟ್ಟಿಲ್ದೆ ಇದ್ರೆ ಇಂಜಿನ್ ಕೆಡ್ತದೆ” ಎಂದು ಅವನು ಇಳಿದೇ ಬಿಟ್ಟ. ನಾವು ಅಲ್ಲಿಂದ ನಡೆದುಕೊಂಡು ಹತ್ತಿದೆವು. ಮಂಡಿ ನೋವಿದ್ದರೂ ಅಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ನಾನು ಮಾತ್ರ ದಾರಿಯುದ್ದಕ್ಕೂ ಗೊಣಗಿದೆ.

ಭಾನುವಾರ ಪರೀಕ್ಷೆಗೆ ಇಳಿದೆ. ಆ ಮುಳ್ಳಿನ ಹಿಂದಿನಿಂದ ತೆಳ್ಳನೆಯ ತಾಮ್ರದ ಕೊಳವೆಯೊಂದು ಇಂಜಿನ್ನಿಗೆ ಹೋಗುತ್ತದೆ. ಅದರ ತುದಿಯಲ್ಲಿ ಕಿರುಬೆರಳಿನಷ್ಟು ದಪ್ಪದ ಒಂದು ಬಲ್ಬು, ಸದಾ ಬಿಸಿನೀರಿನಲ್ಲಿ ಮುಳುಗಿರುವಂಥದು. ಅದನ್ನು ಬಿಚ್ಚಿ ಹೊರಗೆಳೆದೆ. ಕಾರಿನ ಪಕ್ಕದಲ್ಲೇ ಇದ್ದಿಲ ಒಲೆ ಹೊತ್ತಿಸಿ, ಅಮ್ಮನ ಹಾಲಿನ ಪಾತ್ರೆಯಲ್ಲಿ ನೀರು ಕುದಿಸಿ, ಬಲ್ಬನ್ನು ಅದರೊಳಗೆ ಅದ್ದಿದೆ.

“ಅಯ್ಯೋ ನನ್ನ ಪಾತ್ರೆ! ಮೀಸೆ ಬಂದ್ರೂ ನಿನಗೆ ಬುದ್ಧಿ ಬರ್ಲಿಲ್ಲ ಕಣೋ” ಎಂದು ಅಮ್ಮ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು.

ಮುಳ್ಳು ಏರಿತು. ಕುದಿಯುವ ಗೆರೆಗಿಂತ ಕೂದಲೆಳೆಯಷ್ಟು ಹಿಂದೆ ನಿಂತಿತು. ನೋಡು, ಸುಳ್ಳು ಹೇಳುತ್ತಿದೆ ಎಂದುಕೊಂಡವನಿಗೆ ತಟ್ಟನೆ ಹೊಳೆಯಿತು: ಸಮುದ್ರಮಟ್ಟಕ್ಕಿಂತ ಇಷ್ಟು ಎತ್ತರದ ಮೈಸೂರಿನಲ್ಲಿ ನೀರು ಕುದಿಯುವುದೇ ಸ್ವಲ್ಪ ಮೊದಲು. ಮುಳ್ಳು ಅಷ್ಟು ಸಣ್ಣ ವಿಷಯದಲ್ಲೂ ನಿಜ ಹೇಳಿತ್ತು! ನನಗೆ ಖುಷಿಯೋ ಖುಷಿ. ಆಮೇಲೆ ಫ್ಯಾನಿನ ಬೆಲ್ಟು ಒತ್ತಿ ನೋಡಿದೆ, ಬಿಗಿಯಾಗಿತ್ತು. ರಬ್ಬರಿನ ಪೈಪುಗಳು ಸರಿಯಿದ್ದವು. ಕಾವು ತಾಗಿದಾಗ ತಾನೇ ತೆರೆದು ನೀರು ಬಿಡುವ ಥರ್ಮೋಸ್ಟಾಟನ್ನೂ ಬಿಚ್ಚಿ ಅದೇ ಪಾತ್ರೆಯಲ್ಲಿ ಕುದಿಸಿದೆ, ಸರಿಯಾಗಿ ತೆರೆದುಕೊಂಡಿತು. ಎಲ್ಲ ಸರಿ ಇದೆ, ಇನ್ನೇನೂ ಆಗುವುದಿಲ್ಲ ಎಂದು ಘೋಷಿಸಿದೆ.

ಮರುವಾರ ಹುಣಸೂರು ರಸ್ತೆಯಲ್ಲಿ ಹೋಗುತ್ತಿದ್ದಾಗ, ಇಲವಾಲದ ಹತ್ತಿರ, ಬಾನೆಟ್ಟಿನ ಸಂದಿಯಿಂದ ಬುಸ್ ಎಂದು ಹಬೆ ಎದ್ದಿತು. ಡ್ರೈವರಣ್ಣ ಗೋಣಿಚೀಲ ನೆನೆಸಿ ಮುಚ್ಚಳದ ಮೇಲೆ ಹಾಕಿ, ಹುಷಾರಾಗಿ ತೆರೆದ. ಪಕ್ಕದ ಬಾವಿಯಿಂದ ತಂದ ಒಂದು ಕ್ಯಾನು ನೀರು ಪೂರ್ತಿ ರೇಡಿಯೇಟರಿನೊಳಗೆ ಹೋಯಿತು. ಅದನ್ನು ನೋಡುತ್ತ ನಿಂತಿದ್ದ ನನಗೆ ಉತ್ತರ ಸಿಕ್ಕಿಬಿಟ್ಟಿತು. ಯಂತ್ರದಲ್ಲಿ ದೋಷವಿಲ್ಲ, ನಾನೇ ಪರೀಕ್ಷಿಸಿದ್ದೇನೆ. ಒಂದು ಕ್ಯಾನು ನೀರು ಹಿಡಿಯಿತೆಂದರೆ ಅಷ್ಟು ಕಡಿಮೆಯಿತ್ತು. ಅಂದರೆ ಬೆಳಿಗ್ಗೆ ಇವನು ತುಂಬಿಸಿಲ್ಲ. ಕುದಿದು ಹೊರಬಿದ್ದ ನೀರು ಕಣ್ಣೆದುರೇ ರಸ್ತೆಯ ಮೇಲೆ ಹರಿಯುತ್ತಿತ್ತು, ಅದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯ ಗೇಟಿನವರೆಗೂ ತಡೆದುಕೊಂಡಿದ್ದೆ. ಅಲ್ಲಿ ಬಾಯಿ ಬಿಟ್ಟೆ. ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರಿದ್ದರು. ಎದುರುಮನೆಯ ನಿವೃತ್ತ ಅಮಲ್ದಾರರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಹೂವಿನವಳು ಅಮ್ಮನಿಗೆ ಮೊಳ ಹಾಕುತ್ತಿದ್ದಳು.

“ಅಪ್ಪ ಇದ್ದಾಗ ಭಯ ಇತ್ತು ನಿನಗೆ. ಈಗ ನೀರು ಹಾಕದೇನೇ ಹಾಕ್ದೆ ಅಂತ ಸುಳ್ಳು ಹೇಳೋದು ಕಲಿತಿದ್ದೀಯ. ಇವತ್ತು ಇಂಜಿನ್ ಸುಟ್ಟಿದ್ರೆ ಯಾರು ಹೊಣೆ?”

“ಕಂಠಮಟ್ಟ ತುಂಬ್ಸಿದ್ದೆ ಬುದ್ದಿ” ಎಂದ.

“ಸುಳ್ಳ!” ಎಂದೆ.

ಅವನು ಕಾರಿನ ಕೀಲಿಯನ್ನು ಮಡ್‌ಗಾರ್ಡಿನ ಮೇಲಿಟ್ಟ. ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡು, ಅಮ್ಮನಿಗೆ ಕೈಮುಗಿದು, ಆ ಜನರ ನಡುವೆಯೇ ನಡೆದುಹೋದ. ಹೂವಿನವಳ ಕೈ ಮೊಳದ ಮಧ್ಯದಲ್ಲೇ ನಿಂತಿತ್ತು.

“ಮುಳ್ಳಿನ ಮಾತು ನಂಬೋಕೆ ನನ್ನ ಹಾಲಿನ ಪಾತ್ರೆ ಹಾಳು ಮಾಡ್ದೆ” ಎಂದಳು ಅಮ್ಮ. “ಅವನ ಮಾತಿಗೆ ಏನು ಪರೀಕ್ಷೆ ಮಾಡ್ದೆ, ಹೇಳು?” ಅಷ್ಟು ಹೇಳಿದವಳು ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮೂರನೆಯ ದಿನ ನಾನೇ ನೀರು ತುಂಬಿಸಿ, ನಾನೇ ಕಾರು ಓಡಿಸಿದೆ. ಬೋಗಾದಿ ಕಡೆಗೆ ಹೋಗಿ ಬರುವಷ್ಟರಲ್ಲಿ ಮುಳ್ಳು ಮತ್ತೆ ಕೊನೆಯ ಗೆರೆಯಲ್ಲಿತ್ತು. ಮನೆಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಅಷ್ಟು ದಿನವೂ ಮಾಡದಿದ್ದ ಕೆಲಸವನ್ನು ಮಾಡಿದೆ: ರೇಡಿಯೇಟರಿನ ಮೇಲೆ ಅಂಗೈ ಇಟ್ಟು ನೋಡಿದೆ. ಮೇಲ್ಭಾಗ ಮುಟ್ಟಲಾಗದಷ್ಟು ಸುಡುತ್ತಿತ್ತು. ಕೆಳಗೆ ಅಲ್ಲಲ್ಲಿ ತಣ್ಣಗೆ, ಬಿಸಿನೀರು ಅಲ್ಲಿಗೆ ಇಳಿದೇ ಇರಲಿಲ್ಲ. ಒಳಗೆ ಸಣ್ಣ ಸಣ್ಣ ನಾಳಗಳಿರುತ್ತವೆ. ಅವುಗಳ ಬಾಯಿ ಕಟ್ಟಿದೆ ಎಂದು ಆಗ ತಿಳಿಯಿತು.

ಆರಿದ ಮೇಲೆ ಪೈಪುಗಳನ್ನು ಬಿಚ್ಚಿ, ತೋಟದ ನಲ್ಲಿಯ ರಬ್ಬರು ಕೊಳವೆಯನ್ನು ರೇಡಿಯೇಟರಿನ ಕೆಳಬಾಯಿಗೆ ಬಟ್ಟೆ ಸುತ್ತಿ ಕೂರಿಸಿ, ನೀರನ್ನು ತಿರುವು ಮುರುವಾಗಿ ಮೇಲಕ್ಕೆ ಬಿಟ್ಟೆ. ಮೊದಲು ತುಕ್ಕಿನ ಕೆಂಪು ನೀರು ಬಂತು. ಆಮೇಲೆ ಗಂಜಿಯಂಥ ಬಿಳಿ ಲೋಳೆ. ಅದರ ಹಿಂದೆಯೇ ಬೆಂದು ಉಬ್ಬಿದ ಹಳದಿ ಕಾಳುಗಳು, ಒಂದು ವೀಳ್ಯದೆಲೆಯ ಚೂರು.

ಅಮ್ಮ ಬಗ್ಗಿ ಒಂದು ಕಾಳನ್ನು ಬೆರಳಿಗೆ ತೆಗೆದುಕೊಂಡಳು. “ಅಕ್ಷತೆ ಅಲ್ವೇನೋ ಇದು?”

ನನಗೆ ಆಗ ನೆನಪಾಯಿತು. ಆಯುಧಪೂಜೆಯ ದಿನ, ಪೂಜೆ ಮುಗಿದ ಮೇಲೆ, “ಕಳಶದ ನೀರು ತುಳಿಯೋ ಕಡೆ ಚೆಲ್ಬೇಡ, ತುಳಸಿಗೆ ಹಾಕಿ ಬಾ” ಎಂದು ಇದೇ ಅಮ್ಮ ಹೇಳಿದ್ದಳು. ತುಳಸಿಕಟ್ಟೆ ಇದ್ದದ್ದು ಹಿತ್ತಲಲ್ಲಿ. ನನಗೆ ಸೋಮಾರಿತನ. ಡ್ರೈವರಣ್ಣ ಆಚೆ ಬೀದಿಯಲ್ಲಿ ಕುಂಬಳಕಾಯಿಯ ಚೂರು ಗುಡಿಸುತ್ತಿದ್ದ. ಕಾರಿನ ಪೂಜೆಯ ನೀರು ಕಾರಿಗೇ ಸೇರಲಿ, ಇದಕ್ಕಿಂತ ಮಡಿಯಾದ ಜಾಗ ಯಾವುದು ಎಂದುಕೊಂಡು ಮುಚ್ಚಳ ತೆಗೆದು, ಅಕ್ಷತೆ ಎಲೆ ಸಮೇತ ರೇಡಿಯೇಟರಿಗೆ ಸುರಿದುಬಿಟ್ಟಿದ್ದೆ. ಬಿಸಿನೀರಿನಲ್ಲಿ ಅಕ್ಕಿ ಹಾಕಿದರೆ ಅನ್ನವಾಗುತ್ತದೆ ಎಂಬುದು ಭೌತಶಾಸ್ತ್ರದ ಮೇಷ್ಟರಿಗೆ ಹೊಳೆದಿರಲಿಲ್ಲ.

ಛೆ, ಎಂಥ ಕೆಲಸ ಮಾಡಿದೆ! ಪೈಪುಗಳನ್ನು ಮತ್ತೆ ಜೋಡಿಸಿ, ಅವತ್ತೇ ಅದೇ ಕಾರಿನಲ್ಲಿ ಇಲವಾಲಕ್ಕೆ ಹೊರಟೆ. ಮುಳ್ಳು ಮಧ್ಯದ ಗೆರೆ ದಾಟಲಿಲ್ಲ. ಅದನ್ನು ನೋಡಿದಷ್ಟೂ ಸಂಕಟ ಹೆಚ್ಚಾಯಿತು. ಡ್ರೈವರಣ್ಣ ತನ್ನ ಅಣ್ಣನ ಮನೆಯ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಎಲ್ಲವನ್ನೂ ಹೇಳಿದೆ. ಕಳಶ, ಅಕ್ಷತೆ, ನನ್ನ ಸೋಮಾರಿತನ, ಏನನ್ನೂ ಬಿಡಲಿಲ್ಲ.

ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ನನ್ ಕಿವೀಲಿ ಹೇಳುದ್ರೆ ಏನ್ ಬಂತು ಬುದ್ದಿ? ನಾನು ನೀರು ಹಾಕಿದ್ದು ನಂಗೆ ಗೊತ್ತೇ ಅದೆ. ಎಲ್ಲಿ ಸುಳ್ಳ ಅಂದ್ರೋ ಅಲ್ಲೇ ಹೇಳ್ಬುಡಿ” ಎಂದ.

ಮರುದಿನ ಬೆಳಿಗ್ಗೆ ನಲ್ಲಿಗೆ ನೀರು ಬರುವ ಹೊತ್ತಿಗೆ ಸರಿಯಾಗಿ ಬಂದು ಗೇಟಿನ ಹತ್ತಿರ ನಿಂತ. ಕೊಡದ ಹೆಂಗಸರು, ಹೂವಿನವಳು, ಅಮಲ್ದಾರರು, ಎಲ್ಲ ಇದ್ದರು. ನೂರು ಹುಡುಗರ ಮುಂದೆ ಪಾಠ ಹೇಳುವ ನಾನು ಅಲ್ಲಿ ಗೇಟಿನ ಸರಳು ಹಿಡಿದು ನಿಂತೆ. ಕೊನೆಗೆ ಹೇಳಿದೆ: ಡ್ರೈವರಣ್ಣ ದಿನಾ ನೀರು ಹಾಕಿದ್ದ, ಕಾರು ಕೆಡಿಸಿದವನು ನಾನು, ಸುಳ್ಳ ಅಂದದ್ದು ನನ್ನ ತಪ್ಪು. “ಹಾಂ? ಅಕ್ಷತೇನಾ?” ಎಂದು ಅಮಲ್ದಾರರು ಮತ್ತೊಂದು ಸಲ ಹೇಳಿಸಿದರು. ಹೆಂಗಸರು ಸೆರಗಿನಲ್ಲಿ ನಕ್ಕರು. ಡ್ರೈವರಣ್ಣ ತಲೆಯಾಡಿಸಿ, ಗಂಟನ್ನು ಕೋಣೆಯಲ್ಲಿಟ್ಟು, ಕೀಲಿ ತೆಗೆದುಕೊಂಡ. ಅಮ್ಮ ಅವನಿಗೆ ಕಾಫಿ ತಂದುಕೊಟ್ಟಳು. ಎಲ್ಲ ಸರಿಹೋಯಿತು ಎಂದುಕೊಂಡೆ.

ಅದರ ಮಾರನೆಯ ಬೆಳಿಗ್ಗೆ ಅವನು ನೀರು ಸುರಿದು, ಮುಚ್ಚಳ ಹಾಕದೆ, ಜಗಲಿಯ ಹತ್ತಿರ ಬಂದ. “ಬುದ್ದೀ, ವಸಿ ಬಂದು ನೋಡ್ಬುಡಿ.”

ಹೋಗಿ ನೋಡಿದೆ, ತುಂಬಿದೆ ಎಂದೆ. ಆಮೇಲೆ ಮುಚ್ಚಳ ತಿರುಗಿಸಿದ. ಮರುದಿನವೂ ಕರೆದ. ಅದರ ಮರುದಿನವೂ. ಕೋಪ ಇಳಿಯುವವರೆಗೆ ಇರಲಿ ಎಂದುಕೊಂಡೆ, ಆದರೆ ಅವನ ದನಿಯಲ್ಲಿ ಕೋಪವೇ ಇರಲಿಲ್ಲ. ಮಳೆ ಬಂದರೆ ಕೊಡೆ ಹಿಡಿದು ಕರೆದುಕೊಂಡು ಹೋಗುತ್ತಿದ್ದ. ನನಗೆ ಜ್ವರ ಬಂದು ಮಲಗಿದ್ದಾಗ, ಕಾರನ್ನೇ ಕಿಟಕಿಯ ಎದುರಿಗೆ ತಂದು ನಿಲ್ಲಿಸಿದ. “ಕರೀತಿದಾನೆ ಹೋಗು, ನೀನೇ ಮಾಡ್ಕೊಂಡಿದ್ದು” ಎನ್ನುತ್ತಿದ್ದಳು ಅಮ್ಮ.

ಒಮ್ಮೆ ತಡೆಯಲಾರದೆ ಕೇಳಿಕೊಂಡೆ. “ಸಾಕು ಕಣಣ್ಣ. ನೋಡೋದು ಬೇಡ, ನಂಗೆ ನಿನ್ನ ಮೇಲೆ ನಂಬಿಕೆ ಇದೆ.”

“ಇರ್ಲಿ ಬುದ್ದಿ. ನೀವು ನೋಡ್ಬುಡಿ, ಮುಚ್ಚಳ ಹಾಕ್ತೀನಿ” ಎಂದು ಅವನು ಕ್ಯಾನು ಹಿಡಿದುಕೊಂಡೇ ನಿಂತಿದ್ದ.

ಎಂಟು ವರ್ಷ ಹೀಗೇ ನಡೆಯಿತು. ಅರವತ್ತರ ದಶಕದ ಆರಂಭದಲ್ಲಿ ಕಾರನ್ನು ಮಾರಿದೆವು. ಕೊಂಡವರು ಬಂದು ಗೇಟಿನ ಹೊರಗೆ ಕಾಯುತ್ತಿದ್ದರು. ಆವತ್ತೂ ಅವನು ನೀರು ತುಂಬಿಸಿ ನನ್ನನ್ನು ಕರೆದ. ಬಗ್ಗಿ ನೋಡಿದೆ, ಕಂಠಮಟ್ಟ ಇತ್ತು. “ತುಂಬಿಸಿದ್ದೀಯ ಕಣಣ್ಣ” ಎಂದೆ. ಅವನು ಮುಚ್ಚಳ ತಿರುಗಿಸಿ, ಬಟ್ಟೆಯಲ್ಲಿ ಒರೆಸಿದ. ಆ ಮಾತನ್ನು ಎಂಟು ವರ್ಷ ದಿನಾ ಬೆಳಿಗ್ಗೆ ಹೇಳಿದ್ದೇನೆ. ಅವನು “ಕಂಠಮಟ್ಟ ತುಂಬ್ಸಿದ್ದೆ” ಎಂದ ದಿನ, ಗೇಟಿನ ಹತ್ತಿರ ನಾನು ಹೇಳಬೇಕಾಗಿದ್ದದ್ದೂ ಅಷ್ಟೇ.