ಸ್ಟೋವಿಗೆ ಇಟ್ಟ ಕುಂಕುಮ

ಚಂದ್ರ ನಗುವುದನ್ನು ನಾನು ಬಹಳ ವರ್ಷಗಳಿಂದ ತಡೆಯುತ್ತ ಬಂದಿದ್ದೇನೆ. ರಾಜಾಜಿನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು ನಾನು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರುವ ಕವಿತೆಗಳನ್ನು ತಿದ್ದುವುದೂ ನನ್ನ ಕೊರಳಿಗೇ ಬಿದ್ದಿದೆ. ಪ್ರತಿ ವರ್ಷವೂ ಚಂದ್ರ ನಗುತ್ತಾನೆ, ಗಾಳಿ ನಿಟ್ಟುಸಿರು ಬಿಡುತ್ತದೆ, ಮೋಡ ಅಳುತ್ತದೆ. ನಾನು ಕೆಂಪು ಶಾಯಿಯಲ್ಲಿ ನಗುವನ್ನು ಹೊಡೆದುಹಾಕಿ, ಅಳುವನ್ನು ಒರೆಸಿ, ‘ಜಡವಸ್ತುಗಳನ್ನು ಅವುಗಳ ಪಾಡಿಗೆ ಬಿಡಿ’ ಎಂದು ಅಂಚಿನಲ್ಲಿ ಬರೆಯುತ್ತೇನೆ. ಹಾಗೆ ಬರೆದು ವಿಜಯನಗರದ ಮನೆಗೆ ಬಂದವನು, ತಡವಾದದ್ದಕ್ಕೆ ಹೆಂಡತಿಗೆ ಕೊಡುವ ಕಾರಣ, ‘ಬಸ್ಸು ಕೈಕೊಟ್ಟಿತು’ ಎಂದು. ಬಸ್ಸಿಗೆ ಕೈ ಎಲ್ಲಿಂದ ಬಂತು ಎಂದು ಅವಳು ಒಂದು ದಿನವೂ ಕೇಳಿಲ್ಲ.

ಕೇಳುವ ಹಾಗೂ ಇಲ್ಲ. ನಾವು ಮೇಜಿಗೆ ಕಾಲು ಕೊಟ್ಟವರು, ಹೂಜಿಗೆ ಕತ್ತು ಕೊಟ್ಟವರು, ಚೀಲಕ್ಕೆ ಬಾಯಿ ಕೊಟ್ಟವರು. ತೆಂಗಿನಕಾಯಿಗಂತೂ ನಮಗಿಂತ ಒಂದು ಕಣ್ಣು ಹೆಚ್ಚಿಗೆಯೇ ಕೊಟ್ಟಿದ್ದೇವೆ. ಹಳೆಯ ಲಾಕ್ಷಣಿಕರು ಈ ಧಾರಾಳತನವನ್ನೆಲ್ಲ ಕೂತು ವಿಂಗಡಿಸಿದರು. ಮುಖ ಚಂದ್ರನಂತಿದೆ ಎಂದರೆ ಉಪಮೆ. ಮುಖವೇ ಚಂದ್ರ ಎಂದರೆ ರೂಪಕ. ಅದು ಚಂದ್ರನೇ ಇರಬೇಕೇನೋ ಎಂದರೆ ಉತ್ಪ್ರೇಕ್ಷೆ. ನನ್ನ ಸ್ವಭಾವಕ್ಕೆ ಹೊಂದುವುದು ಈ ಮೂರನೆಯದು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ ಟೆಲಿಗ್ರಾಮಿನವನೇ ಇರಬೇಕೇನೋ. ಎದೆಯಲ್ಲಿ ಚುಳುಕ್ ಎಂದರೆ ಹಾರ್ಟ್ ಅಟ್ಯಾಕೇ ಇರಬೇಕೇನೋ. ಚಿಂತೆ ಎಂಬುದು ಓದುಗರಿಲ್ಲದ ಉತ್ಪ್ರೇಕ್ಷೆ.

ನನ್ನ ಹೆಂಡತಿ ಸಾವಿತ್ರಿಗೆ ಈ ಹೆಸರುಗಳೊಂದೂ ಬೇಕಿರಲಿಲ್ಲ. ಅವಳು ನೇರವಾಗಿ ಮಾತಿಗೇ ಇಳಿಯುತ್ತಿದ್ದಳು. ನಲ್ಲಿಗೆ ‘ಬಾರಪ್ಪ ರಾಜ, ಎರಡು ದಿನ ಆಯ್ತು ಮುಖ ತೋರಿಸಿ’ ಎನ್ನುವಳು. ಅಕ್ಕಿಯ ಡಬ್ಬ, ಒರಳುಕಲ್ಲು, ಕಿರುಗುಟ್ಟುವ ಹಿಂಬಾಗಿಲು ಎಲ್ಲಕ್ಕೂ ಬೆಳಗಿನ ಯೋಗಕ್ಷೇಮ ಆಗಬೇಕು. ಆದರೆ ನಿಜವಾದ ಗೆಳತಿ ಪಂಪ್ ಸ್ಟೋವು. ಒಮ್ಮೆ ನನ್ನ ಸಹೋದ್ಯೋಗಿಯೊಬ್ಬರು ಹಾಲಿನಲ್ಲಿ ಕಾಫಿಗೆ ಕಾಯುತ್ತ ಕೂತಿದ್ದಾಗ ಒಳಗಿನಿಂದ, ‘ಏನೇ, ಇವತ್ತೂ ಮುನಿಸಾ? ಮನೆಗೆ ಯಾರಾದ್ರೂ ಬಂದಾಗ್ಲೇ ನಿನ್ನ ಬಿಂಕ! ಕೊಡ್ಲಾ ಎರಡೇಟು?’ ಎಂದು ಕೇಳಿಸಿತು.

‘ಮನೇಲಿ ಯಾರೋ ಚಿಕ್ಕವರು ಬಂದಿದಾರೇನು ಸಾರ್?’ ಎಂದು ಅವರು ಮೆಲ್ಲಗೆ ಕೇಳಿದರು.

‘ಇಲ್ಲ, ಸ್ಟೋವು’ ಎಂದೆ. ಅವರು ಕಾಫಿಯನ್ನು ಬೇಗ ಬೇಗ ಕುಡಿದು ಎದ್ದರು.

ಇಷ್ಟು ವರ್ಷ ನನಗೇ ಏನೋ ಆಗಿಬಿಡುತ್ತದೆ ಎಂದು ನಾನು ಉತ್ಪ್ರೇಕ್ಷಿಸಿಕೊಂಡು ಕೂತಿದ್ದೆ. ಆದದ್ದು ಸಾವಿತ್ರಿಗೆ. ಈ ಸಲದ ಮಳೆಗಾಲದಲ್ಲಿ ಅವಳ ಎದೆಯಲ್ಲಿ ಒಂದು ಗಂಟು ಕಾಣಿಸಿ, ಆಪರೇಷನ್ ಆಯಿತು. ಆಮೇಲೆ ನಮ್ಮ ಸುತ್ತಮುತ್ತ ಅಲಂಕಾರಗಳದೇ ರಾಜ್ಯ. ಡಾಕ್ಟರು ‘ಬೇರು ಉಳಿದಿರಬಹುದು’ ಎಂದರು. ಎದುರುಮನೆಯ ನಂಜಮ್ಮನವರು ‘ಆ ಕಾಯಿಲೆ’ ಎಂದು ದನಿ ತಗ್ಗಿಸಿದರು. ಬೇರನ್ನು ಸುಡಲು ವಿಕಿರಣ ಚಿಕಿತ್ಸೆ ಆಗಬೇಕಿತ್ತು. ಅದಕ್ಕೆ ಊರಿನವರೆಲ್ಲ ‘ಕರೆಂಟು ಕೊಡಿಸೋದು’ ಎನ್ನುತ್ತಾರೆ. ರೋಗದ ಹೆಸರನ್ನು ಯಾರೂ ಎತ್ತಲಿಲ್ಲ. ಕೆಂಪು ಶಾಯಿಯ ನಾನೂ ಎತ್ತಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಸಾವಿತ್ರಿ ಸ್ಟೋವಿನೊಡನೆ ಮಾತು ಬಿಟ್ಟಳು. ಪಂಪು ಒತ್ತುವಳು, ಕಡ್ಡಿ ಗೀರುವಳು, ಸುಮ್ಮನೆ ಉರಿಯನ್ನು ನೋಡುವಳು. ನಲ್ಲಿ ತಾನಾಗಿ ಬಂದು ತಾನಾಗಿ ನಿಂತಿತು, ಯಾರೂ ಮಾತಾಡಿಸಲಿಲ್ಲ. ಇಂಥ ಲಕ್ಷಣವನ್ನು ಡಾಕ್ಟರಿಗೆ ಹೇಗೆ ಹೇಳುವುದು? ‘ಸ್ಟೋವಿನ ಜೊತೆ ಮಾತಾಡ್ತಾ ಇಲ್ಲ ಡಾಕ್ಟ್ರೇ’ ಎಂದರೆ ನನ್ನನ್ನೇ ಬೇರೆ ಆಸ್ಪತ್ರೆಗೆ ಕಳಿಸಿಯಾರು.

ಕೊನೆಗೊಂದು ದಿನ ಅವಳೇ ಬಾಯಿಬಿಟ್ಟಳು. ‘ಕರೆಂಟು ಕೊಡೋವಾಗ ಒಳಗೆ ಯಾರೂ ಇರಬಾರ್ದಂತೆ. ದಪ್ಪನೆ ಬಾಗಿಲು ಹಾಕ್ಬಿಡ್ತಾರಂತೆ. ನರ್ಸೂ ಇರಲ್ವಂತೆ, ನೀವೂ ಇರಲ್ಲ. ಒಬ್ಬಳೇ ಮಲಗಿರ್ಬೇಕಂತೆ. ನನ್ ಕೈಲಾಗಲ್ಲ ಕಣ್ರೀ. ನಾ ಹೋಗಲ್ಲ.’

ಹೋಗದಿದ್ದರೆ ಏನಾಗುತ್ತದೆ ಎಂದು ಡಾಕ್ಟರು ನನಗೆ ಯಾವ ಅಲಂಕಾರವೂ ಇಲ್ಲದೆ ಹೇಳಿದ್ದರು. ನಾನು ಅವಳಿಗೆ ಧೈರ್ಯ ಹೇಳಿದೆ. ಧೈರ್ಯ ಹೇಳುವಾಗ ನನ್ನ ದನಿ ಹೇಗಿರುತ್ತದೆಂದರೆ, ಕೇಳಿದವರು ನನಗೇ ನೀರು ತಂದುಕೊಡುತ್ತಾರೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೀದಿಯಲ್ಲಿ ಆಟೋಗಳ ಮುಂದೆ ಬೂದುಗುಂಬಳ ಒಡೆಯುತ್ತಿದ್ದರು. ಪ್ರತಿ ವರ್ಷ ಸ್ಟೋವಿಗೆ, ನಲ್ಲಿಗೆ, ಈಳಿಗೆಮಣೆಗೆ, ಕಡೆಗೆ ನನ್ನ ಪೆನ್ನಿಗೂ ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದವಳು ಈ ಸಲ ಮಂಚ ಬಿಟ್ಟು ಏಳಲಿಲ್ಲ. ಮನೆಯ ಮೌನ ತಡೆಯಲಾರದೆ ನಾನೇ ಸ್ಟೋವನ್ನು ತೊಳೆದು, ಎರಡು ಸೇವಂತಿಗೆ ಸಿಕ್ಕಿಸಿ, ಎಲ್ಲಿ ಸರಾಗವಾಗಿ ಕೈಗೆಟುಕಿತೋ ಅಲ್ಲಿ ಧಾರಾಳವಾಗಿ ಕುಂಕುಮ ಬಳಿದು, ‘ಎಲೈ ಅಗ್ನಿಯ ಆವಾಸವೇ’ ಎಂದು ಶುರುಮಾಡಿದೆ.

‘ಅಯ್ಯೋ, ಬರ್ನರಿಗೇ ಕುಂಕುಮ ಮೆತ್ತಿದೀರಲ್ರೀ!’ ಮಂಚದಿಂದ ದನಿ ಬಂತು. ‘ಉಸಿರು ಕಟ್ಟಲ್ವಾ ಅವಳಿಗೆ? ಹಣೆ ಎಲ್ಲಿ, ಮೂಗೆಲ್ಲಿ ಅಂತ ಗೊತ್ತಾಗಲ್ವಾ ನಿಮಗೆ? ಅದೇನು ಎಲೈ ಗಿಲೈ? ನಾಟಕದ ಕಂಪನೀನಾ?’

ಎದ್ದು ಬಂದು, ಪಿನ್ನಿನಿಂದ ಬರ್ನರಿನ ತೂತು ಬಿಡಿಸಿದಳು. ಆಮೇಲೆ ಹಿತ್ತಾಳೆಯ ಟ್ಯಾಂಕಿನಲ್ಲಿ ತನಗೆ ಗೊತ್ತಿದ್ದ ಹಣೆಯ ಮೇಲೆ ಬೊಟ್ಟು ಇಟ್ಟು, ಮತ್ತೆ ಮಲಗಲು ಹೋದಳು. ಬೈದದ್ದು ನನ್ನನ್ನು, ಸ್ಟೋವಿಗೆ ಇನ್ನೂ ಒಂದು ಮಾತೂ ಆಡಿರಲಿಲ್ಲ. ಆದರೂ ಹಬ್ಬದ ರಜೆ ಮುಗಿದ ಬೆಳಿಗ್ಗೆ, ‘ಬಾಗಿಲ ತನಕ ಬರ್ತೀನಿ. ಒಳಗೆ ಹೋಗ್ತೀನಿ ಅಂತ ಹೇಳಿಲ್ಲ’ ಎಂದು ಸೀರೆ ಉಟ್ಟಳು.

ನಾವು ಹತ್ತಿದ ಬಸ್ಸಿನ ಮುಂದೆ ಬಾಳೆಕಂದು ಬಾಡಿ ತಲೆ ತೂಗುತ್ತಿತ್ತು. ದಾರಿಯುದ್ದಕ್ಕೂ ಸಾವಿತ್ರಿ ಕಿಟಕಿಯಾಚೆ ನೋಡುತ್ತ ನನ್ನ ಮುಂಗೈ ಹಿಡಿದಿದ್ದಳು. ಆಸ್ಪತ್ರೆಯ ಆ ದಪ್ಪ ಬಾಗಿಲ ಮುಂದೆ ಅವಳ ಕಾಲು ನಿಂತೇಬಿಟ್ಟಿತು. ಒಳಗೆ ಎತ್ತರವಾದ ಯಂತ್ರ, ಬಾಗಿದ ಕತ್ತು. ನರ್ಸ್ ‘ಬನ್ನಿ ಅಮ್ಮ’ ಎಂದಳು. ಸಾವಿತ್ರಿ ಕದಲಲಿಲ್ಲ.

ಆಗ ಅವಳು ಕತ್ತು ಚಾಚಿ ನೋಡಿದಳು. ಯಂತ್ರದ ಪಕ್ಕೆಗೆ ಆಸ್ಪತ್ರೆಯವರು ಹಬ್ಬದ ದಿನ ಎಳೆದ ವಿಭೂತಿ ಹಾಗೇ ಇತ್ತು. ನಡುವೆ ಕುಂಕುಮ, ಮೇಲೊಂದು ಒಣಗಿದ ಸೇವಂತಿಗೆ ಮಾಲೆ.

‘ಅವಳಿಗೂ ಪೂಜೆ ಆಗಿದೆ ರೀ’ ಎಂದಳು. ನನ್ನ ಮುಂಗೈ ಬಿಟ್ಟಳು. ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹೊರಗೆ ಬೆಂಚಿನ ಮೇಲೆ ಕೂತು ನಾನು ನನ್ನ ಅಲಂಕಾರವನ್ನು ಒಂದೊಂದಾಗಿ ಹೆಣೆಯತೊಡಗಿದೆ: ಯಂತ್ರ ಕೆಟ್ಟಿರಬೇಕೇನೋ, ಅವಳು ಕೂಗುತ್ತಿರಬೇಕೇನೋ. ನರ್ಸ್ ಬಂದು ತುಸು ಗಾಬರಿಯಿಂದ ಹೇಳಿದಳು: ‘ಸಾರ್, ನಿಮ್ಮ ಮನೆಯವರು ಯಾರ ಹತ್ರಾನೋ ಮಾತಾಡ್ತಾ ಇದಾರೆ. ಗಾಜಿನಲ್ಲಿ ನೋಡಿದೆ. ಒಳಗೆ ಯಾರೂ ಇಲ್ಲ ಸಾರ್.’

‘ಇದಾರಮ್ಮ’ ಎಂದೆ.

ಚಿಕಿತ್ಸೆ ಇನ್ನೂ ನಡೆದಿದೆ. ಬೇರು ಸುಟ್ಟಿತೋ ಇಲ್ಲವೋ ಈಗಲೇ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಸಾವಿತ್ರಿ ಸೊರಗಿದ್ದಾಳೆ, ಸಂಜೆಯಾದರೆ ಗೋಡೆ ಹಿಡಿದು ನಡೆಯುತ್ತಾಳೆ. ಒಳಗೆ ಏನು ಮಾತಾಡಿದೆ ಎಂದು ಕೇಳಿದರೆ, ‘ನಿಮಗೆ ಹೇಳಿದ್ರೆ ನಿದ್ದೆ ಕೆಡಿಸ್ಕೋತೀರಿ, ಬಿಡಿ’ ಎನ್ನುತ್ತಾಳೆ.

ಈ ವರ್ಷದ ಕವಿತೆಗಳು ಬಂದಿವೆ. ಚಂದ್ರ ಎಂದಿನಂತೆ ನಗುತ್ತಿದ್ದಾನೆ. ಆ ಸಾಲನ್ನು ಬರೆಯುವಾಗ ಯಾವ ಕೋಣೆಯಲ್ಲಿ ಒಬ್ಬನೇ ಇದ್ದನೋ ಬರೆದ ಹುಡುಗ, ಯಾರು ಬಲ್ಲರು? ಪೆನ್ನಿನ ಮೂತಿ ತೆರೆದು ಕೂತಿದ್ದೆ. ಅಡಿಗೆಮನೆಯಿಂದ ಪಂಪು ಒತ್ತುವ ಸದ್ದು, ಅದರ ಹಿಂದೆ ತಗ್ಗಿದ ದನಿ ಬಂತು: ‘ಅಲ್ಲಿ ಒಬ್ಬಳಿದಾಳೆ ಕಣೇ, ನಿನಗಿಂತ ಜೋರು. ಮೊದಲ ದಿನ ನಂಗೆಷ್ಟು ಭಯ ಆಯ್ತು ಗೊತ್ತಾ…’

ನನಗೆ ಹೇಳದ್ದನ್ನೆಲ್ಲ ಅವಳು ಸ್ಟೋವಿಗೆ ಹೇಳುತ್ತಿದ್ದಳು. ನಾನು ಕೆಂಪು ಪೆನ್ನು ಹಿಡಿದು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಹೊಡೆದುಹಾಕುವಂಥದು ಒಂದು ಪದವೂ ಇರಲಿಲ್ಲ.